ಟೈಮರ್ ಇಟ್ಟ ಕೂಡಲೇ ಕೈ ಕಟ್ಟಿಹೋಗುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 19 ವರ್ಷ. ದೃಶ್ಯಕಲಾ ಪದವಿಯ ಮೊದಲ ವರ್ಷದಲ್ಲಿದ್ದೇನೆ. ಹೈಸ್ಕೂಲಿನಿಂದಲೂ ಫೋಟೋ ಮೇಲೆ ಚೌಕುಳಿ ಗೆರೆ ಹಾಕಿಕೊಂಡು ಪೆನ್ಸಿಲ್‌ನಲ್ಲಿ ಭಾವಚಿತ್ರ ಬರೆಯುತ್ತಿದ್ದೆ. ಸಿನಿಮಾ ನಟರು, ಊರಿನ ಹಿರಿಯರು, ನಮ್ಮ ಮೇಷ್ಟ್ರು, ಎಲ್ಲರದ್ದೂ ಬರೆದಿದ್ದೇನೆ. ನೋಡಿದವರು ‘ಫೋಟೋನೇ ಇದು’ ಅನ್ನುತ್ತಿದ್ದರು. ಆ ಮಾತು ನಂಬಿಕೊಂಡೇ ಅಪ್ಪನನ್ನು ಒಪ್ಪಿಸಿ ಈ ಕೋರ್ಸಿಗೆ ಸೇರಿದೆ. ಇಲ್ಲಿ ದಿನಾ ಬೆಳಿಗ್ಗೆ ಜೆಸ್ಚರ್ ಡ್ರಾಯಿಂಗ್ ಇರುತ್ತದೆ. ಒಬ್ಬರು ಎದುರಿಗೆ ನಿಲ್ಲುತ್ತಾರೆ, ಸರ್ ಒಂದು ನಿಮಿಷಕ್ಕೆ, ಕೆಲವೊಮ್ಮೆ ಅರ್ಧ ನಿಮಿಷಕ್ಕೆ ಟೈಮರ್ ಇಡುತ್ತಾರೆ. ಅದು ಶುರುವಾದ ಕೂಡಲೇ ನನ್ನ ಕೈ ಕಟ್ಟಿಹೋಗುತ್ತದೆ. ಕಣ್ಣು, ಮೂಗು ಬರೆಯುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಪಕ್ಕದವರ ಹಾಳೆಯಲ್ಲಿ ಇಡೀ ಮನುಷ್ಯ ಇರುತ್ತಾನೆ, ನನ್ನದರಲ್ಲಿ ಬರೀ ತಲೆ. ಒಮ್ಮೆ ಸರ್ ನನ್ನ ಹಾಳೆ ನೋಡಿ ‘ಇದರಲ್ಲಿ ಜೀವ ಇಲ್ಲವಲ್ಲಮ್ಮ’ ಅಂದರು. ಆವತ್ತಿನಿಂದ ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದೇನೆ. ಹೊಟ್ಟೆನೋವು ಅಂತ ಹೇಳಿ ಕ್ಲಾಸು ತಪ್ಪಿಸಿದ್ದೂ ಇದೆ. ರಾತ್ರಿ ನಿದ್ದೆ ಬರುವುದಿಲ್ಲ. ನನ್ನಲ್ಲಿ ಕಲೆ ಇರಲೇ ಇಲ್ಲವೇ? ಇಷ್ಟು ವರ್ಷ ಎಲ್ಲರಿಗೂ ಮೋಸ ಮಾಡಿದೆನೇ?
(ಹೆಸರು, ಊರು ಬೇಡ)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಯಾರಿಗೂ ಮೋಸ ಮಾಡಿಲ್ಲ. ಒಂದು ಮುಖದ ಮೇಲೆ ಬೆಳಕು ಎಲ್ಲಿ ಬಿದ್ದಿದೆ, ನೆರಳು ಎಲ್ಲಿ ತಿಳಿಯಾಗುತ್ತದೆ ಎಂದು ಗಂಟೆಗಟ್ಟಲೆ ಕೂತು ನೋಡುವ ತಾಳ್ಮೆ ಸುಳ್ಳಿನಿಂದ ಬರುವಂಥದ್ದಲ್ಲ. ಪೆನ್ಸಿಲನ್ನು ಎಷ್ಟು ಒತ್ತಿದರೆ ಎಷ್ಟು ಕಪ್ಪು ಎಂಬುದು ನಿಮ್ಮ ಬೆರಳಿಗೆ ಗೊತ್ತಿದೆ. ಅದು ನಿಮ್ಮದೇ ಸಂಪಾದನೆ. ಟೈಮರ್ ಬಂತೆಂದು ಅದು ಎಲ್ಲಿಗೂ ಹೋಗುವುದಿಲ್ಲ.

ಆದರೂ ನೋವಾಗಿದೆ, ಆಗಲೇಬೇಕಾದ ನೋವು ಅದು. ಊರಿನಲ್ಲಿ ‘ಚಿತ್ರ ಬರೆಯುವ ಹುಡುಗಿ’ ಎಂಬುದೇ ನಿಮ್ಮ ಗುರುತಾಗಿತ್ತು. ಮನೆ ಬಿಟ್ಟು, ಅಪ್ಪನನ್ನು ಒಪ್ಪಿಸಿ, ಆ ಗುರುತನ್ನೇ ನೆಚ್ಚಿಕೊಂಡು ಬಂದವರಿಗೆ ಇಲ್ಲಿ ದಿನಾ ಬೆಳಿಗ್ಗೆ, ಅದೂ ಎಲ್ಲರೆದುರು, ಅದು ಕೈಜಾರಿದಂತೆ ಆಗುತ್ತಿದೆ. ಕೈ ಕಟ್ಟಿಹೋಗುವುದು ಪ್ರತಿಭೆ ಇಲ್ಲದ್ದರಿಂದಲ್ಲ, ಭಯದಿಂದ. ನಾಲ್ಕು ಜನ ನೋಡುವಾಗ ತಪ್ಪಾಗಿಬಿಟ್ಟರೆ ಎಂಬ ಭಯ ಹೊಕ್ಕಾಗ ಭುಜ ಬಿಗಿಯುತ್ತದೆ, ಉಸಿರು ಮೇಲಾಗುತ್ತದೆ, ಕಣ್ಣು ಎದುರಿಗಿರುವವರನ್ನು ಬಿಟ್ಟು ಹಾಳೆಗೇ ಅಂಟಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಕೈ ತನಗೆ ಚೆನ್ನಾಗಿ ಗೊತ್ತಿರುವುದಕ್ಕೇ ಓಡುತ್ತದೆ. ನಿಮಗೆ ಗೊತ್ತಿರುವುದು ಕಣ್ಣು, ಮೂಗು. ಅದಕ್ಕೇ ಪ್ರತಿಸಲವೂ ಅಲ್ಲಿಂದ ಶುರುಮಾಡುತ್ತೀರಿ. ನಿಮ್ಮೊಬ್ಬರದೇ ಪಾಡಲ್ಲ ಇದು. ಫೋಟೋ ನೋಡಿ ಬರೆದು ಪಳಗಿದ ಕೈಗಳಲ್ಲಿ ಬಹಳಷ್ಟು ಜೀವಂತ ಮನುಷ್ಯ ಎದುರಿಗೆ ನಿಂತಾಗ ಹೀಗೇ ತಡವರಿಸುತ್ತವೆ. ಕೆಲಸದಿಂದ ನಿವೃತ್ತರಾಗಿ ಭಾನುವಾರದ ತರಗತಿಗೆ ಸೇರಿದವರು ಕೂಡ ಇದೇ ಮಾತು ಹೇಳುತ್ತಾರೆ.

ನಿಮ್ಮ ಸರ್ ಹೇಳಿದ ಮಾತಿನ ಬಗ್ಗೆ ಒಂದೆರಡು ಮಾತು. ‘ಜೀವ ಇಲ್ಲ’ ಎಂಬುದು ಚಿತ್ರಕಲಾ ತರಗತಿಗಳಲ್ಲಿ ಗೆರೆಯ ಬಗ್ಗೆ ಹೇಳುವ ಮಾತು. ಗೆರೆ ಬಿಗಿಯಾಗಿದೆ, ದೇಹದ ಓಟ ಹಿಡಿದಿಲ್ಲ ಎಂದು ಅದರ ಅರ್ಥ. ನಿಮ್ಮ ಕಿವಿಗೆ ಅದು ‘ನಿನ್ನಲ್ಲಿ ಏನೂ ಇಲ್ಲ’ ಎಂದು ಕೇಳಿಸಿತು. ಅವರು ಇನ್ನೊಂದು ವಾಕ್ಯ ಸೇರಿಸಿ, ಜೀವ ಎಲ್ಲಿಂದ ಬರುತ್ತದೆ ಎಂದೂ ಹೇಳಿದ್ದರೆ ಚೆನ್ನಾಗಿತ್ತು. ಬಹುಶಃ ಮುಂದಿನ ಹಾಳೆಗೆ ಹೋಗುವ ಅವಸರದಲ್ಲಿದ್ದರು. ಆ ಬಾಕಿ ವಾಕ್ಯವನ್ನು ನೀವೇ ಕೇಳಿ ಪಡೆಯಬಹುದು, ಹೇಗೆಂದು ಮುಂದೆ ಹೇಳುತ್ತೇನೆ.

ಈಗ ಒಂದು ಗಂಟು ಬಿಡಿಸಿಕೊಳ್ಳೋಣ. ನೀವು ಇಷ್ಟು ದಿನ ಮಾಡಿದ ಕೆಲಸ, ಈಗ ಮಾಡಬೇಕಾದ ಕೆಲಸ, ಎರಡೂ ಒಂದೇ ಎಂದುಕೊಂಡಿದ್ದೀರಿ. ಫೋಟೋದಲ್ಲಿ ಮನುಷ್ಯ ಆಗಲೇ ಚಪ್ಪಟೆಯಾಗಿರುತ್ತಾನೆ, ಆ ಕೆಲಸವನ್ನು ಕ್ಯಾಮೆರಾ ಮುಗಿಸಿರುತ್ತದೆ. ಚೌಕುಳಿ ಹಾಕಿದಾಗ ಅವನು ಚಿಕ್ಕ ಚಿಕ್ಕ ತುಂಡುಗಳಾಗುತ್ತಾನೆ. ಒಂದು ಚೌಕದಲ್ಲಿ ಹುಬ್ಬಿನ ತುದಿ, ಇನ್ನೊಂದರಲ್ಲಿ ಕಾಲರಿನ ಮೂಲೆ. ಪ್ರತಿ ಚೌಕವನ್ನೂ ಇದ್ದ ಹಾಗೆ ಇಳಿಸಿದರೆ ಕೊನೆಗೆ ಹೋಲಿಕೆ ಕೂಡಿಬರುತ್ತದೆ. ಇಡೀ ಮನುಷ್ಯನನ್ನು ಒಂದೇ ನೋಟದಲ್ಲಿ ಹಿಡಿಯುವ ಪ್ರಸಂಗವೇ ಅಲ್ಲಿ ಬರುವುದಿಲ್ಲ. ತರಗತಿಯಲ್ಲಿ ಎದುರಿಗೆ ನಿಂತವರು ಉಸಿರಾಡುತ್ತಾರೆ, ಕಾಲು ಬದಲಿಸುತ್ತಾರೆ, ಭಾರ ಹೊತ್ತು ನಿಂತಿರುತ್ತಾರೆ. ಆ ಭಾರವನ್ನು ಚೌಕಗಳಾಗಿ ತುಂಡು ಮಾಡಿಕೊಳ್ಳಲು ಬರುವುದಿಲ್ಲ.

ಸಮಯವನ್ನು ಕಡಿಮೆ ಮಾಡುವುದು ಇದಕ್ಕೇ. ಒಂದು ನಿಮಿಷದಲ್ಲಿ ಕಣ್ಣು, ಮೂಗು ಬರೆಯಲು ಆಗುವುದಿಲ್ಲ ಎಂಬುದು ನಿಮ್ಮ ದೋಷವಲ್ಲ, ಆ ಅಭ್ಯಾಸವನ್ನು ಕಟ್ಟಿರುವುದೇ ಹಾಗೆ. ವಿವರದ ದಾರಿ ಮುಚ್ಚಿದಾಗ ಕಣ್ಣಿಗೆ ಉಳಿಯುವುದು ಒಂದೇ ಪ್ರಶ್ನೆ: ಈ ಮನುಷ್ಯ ಏನು ಮಾಡುತ್ತಿದ್ದಾನೆ? ಒರಗಿದ್ದಾನೆಯೇ, ಎಳೆಯುತ್ತಿದ್ದಾನೆಯೇ, ದಣಿದು ಕುಸಿದಿದ್ದಾನೆಯೇ? ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಕಲಿಸುತ್ತಿದ್ದ ಕಿಮನ್ ನಿಕೊಲಾಯ್ಡೀಸ್ ಎಂಬ ಗುರು ಈ ಅಭ್ಯಾಸವನ್ನು ಪಾಠಕ್ರಮವಾಗಿ ಬೆಳೆಸಿದರು. ಅವರು 1938ರಲ್ಲಿ ತೀರಿಕೊಂಡರು, ಅವರ ಪುಸ್ತಕ ‘ದಿ ನ್ಯಾಚುರಲ್ ವೇ ಟು ಡ್ರಾ’ 1941ರಲ್ಲಿ ಹೊರಬಂತು. ವಸ್ತು ಹೇಗೆ ಕಾಣುತ್ತದೆ ಎಂಬುದನ್ನು ಬದಿಗಿಟ್ಟು ಅದು ಏನು ಮಾಡುತ್ತಿದೆ ಎಂಬುದನ್ನು ಮಾತ್ರ ಬರೆಯಿರಿ ಎಂಬುದು ಅವರ ಪಾಠದ ತಿರುಳು. ಇಷ್ಟು ವರ್ಷ ನಿಮ್ಮನ್ನು ಎಲ್ಲರೂ ‘ಹೋಲುತ್ತದೆಯೇ?’ ಎಂದು ಕೇಳಿದರು, ನೀವು ಸರಿಯಾಗಿಯೇ ಉತ್ತರಿಸಿದಿರಿ. ಈಗ ಪ್ರಶ್ನೆ ಬದಲಾಗಿದೆ. ನೀವು ಹಳೆಯ ಪ್ರಶ್ನೆಗೇ ಉತ್ತರ ಬರೆಯುತ್ತಿದ್ದೀರಿ.

ಇದು ಹೊರಗಿನಿಂದ ಬಂದ ವಿಚಾರ ಎಂದೂ ತಿಳಿಯಬೇಡಿ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಸೂತ್ರ ಎಂಬ ಭಾಗವಿದೆ. ವಜ್ರ ಎಂಬ ರಾಜ ಶಿಲ್ಪ ಕಲಿಸಿ ಎಂದು ಮಾರ್ಕಂಡೇಯ ಋಷಿಯನ್ನು ಕೇಳಿದಾಗ, ಅದಕ್ಕೆ ಮೊದಲು ಚಿತ್ರ ತಿಳಿಯಬೇಕು, ಚಿತ್ರಕ್ಕೆ ಮೊದಲು ನೃತ್ಯ ತಿಳಿಯಬೇಕು ಎಂದು ಋಷಿ ಅವನನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಕರೆದೊಯ್ಯುತ್ತಾನೆ. ಗಾಳಿಗೆ ಹಾರುವ ಬಾವುಟ, ಏಳುವ ಅಲೆ, ಬೆಂಕಿಯ ನಾಲಗೆ, ಹೊಗೆ, ಇವುಗಳ ಚಲನೆಯನ್ನು ಬರೆಯಬಲ್ಲವನೇ ಚಿತ್ರ ಬಲ್ಲವನು ಎಂಬ ಭಾವದ ಮಾತೂ ಅಲ್ಲಿದೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು (1911–1996) ಚಿತ್ರಕಾರರಾಗಿ ಹೆಸರು ಮಾಡಿದ ಮೇಲೂ ಕಥಕ್ ಕಲಿಯಲು ಹೋದರು. ಲಯ ಎಂದರೇನು ಎಂದು ತಮ್ಮ ಮೈಯಲ್ಲೇ ತಿಳಿಯಬೇಕಿತ್ತು ಅವರಿಗೆ. ಅವರ ರೇಖಾಚಿತ್ರಗಳಲ್ಲಿ ಕುಣಿಯುವವರನ್ನು ನೋಡಿ. ಮುಖದಲ್ಲಿ ಹೆಚ್ಚೇನೂ ಇರುವುದಿಲ್ಲ, ಕಾಲು ಮಾತ್ರ ನೆಲ ಬಿಟ್ಟು ಏಳುತ್ತಿರುತ್ತದೆ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಹೆಬ್ಬಾರರ ಪುಸ್ತಕ ಇದ್ದರೆ ಒಂದು ಮಧ್ಯಾಹ್ನ ಅದರೊಡನೆ ಕೂತುಬಿಡಿ.

ಅಭ್ಯಾಸಕ್ಕೆ ಬರೋಣ. ಪೆನ್ಸಿಲ್ ಹಿಡಿಯುವ ಮೊದಲು ಮಾಡಬೇಕಾದದ್ದು ಒಂದಿದೆ, ಅದಕ್ಕೆ ಕನ್ನಡಿ ಇದ್ದರೆ ಸಾಕು. ಎದುರಿಗೆ ನಿಂತು ಮೈಯ ಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ, ಎಡಗಾಲು ಸಡಿಲ ಬಿಡಿ. ಎರಡೂ ಕೈಗಳನ್ನು ಸೊಂಟದ ಮೂಳೆಗಳ ಮೇಲಿಡಿ. ಬಲಗಡೆಯ ಸೊಂಟ ಮೇಲೇರಿದೆ. ಈಗ ಭುಜ ನೋಡಿ, ಬಲಭುಜ ಸ್ವಲ್ಪ ಇಳಿದಿದೆ. ಸೊಂಟ ಒಂದು ಕಡೆಗೆ ಓರೆಯಾದರೆ ಭುಜ ಇನ್ನೊಂದು ಕಡೆಗೆ ಓರೆ, ನಡುವೆ ಬೆನ್ನೆಲುಬು ಬಾಗಿ ಎರಡನ್ನೂ ತೂಗಿಸುತ್ತದೆ. ಗಂಟಲ ಕೆಳಗಿನ ಕುಳಿಯಿಂದ ನೇರ ಕೆಳಕ್ಕೆ ಗೆರೆ ಎಳೆದರೆ ಅದು ಭಾರ ಹೊತ್ತ ಪಾದದ ಹತ್ತಿರ ಬೀಳುತ್ತದೆ. 1117ರ ಬೇಲೂರು ಚೆನ್ನಕೇಶವ ದೇವಾಲಯದ ಮದನಿಕೆಯರು ನಿಂತಿರುವುದು ಇದೇ ಲೆಕ್ಕದಲ್ಲಿ. ಒಡವೆ, ಬಳ್ಳಿ, ಹೂವುಗಳನ್ನೆಲ್ಲ ಮನಸ್ಸಿನಲ್ಲೇ ತೆಗೆದುಹಾಕಿ ನೋಡಿದರೂ ಆ ಬಳುಕು ಉಳಿಯುತ್ತದೆ. ತರಗತಿಯಲ್ಲಿ ಮಾಡೆಲ್ ಭಂಗಿ ಬದಲಿಸಿದಾಗಲೆಲ್ಲ ಆ ಭಂಗಿಯನ್ನು ಒಂದು ಕ್ಷಣ ನಿಮ್ಮ ಮೈಗೂ ತಂದುಕೊಳ್ಳಿ. ಎಲ್ಲಿ ಎಳೆಯುತ್ತದೆ, ಎಲ್ಲಿ ಭಾರ ಎಂದು ನಿಮಗೆ ಗೊತ್ತಾಗುತ್ತದೆ. ಬರೆಯಬೇಕಾದದ್ದು ಅದನ್ನೇ.

ಅರ್ಧ ನಿಮಿಷದಿಂದ ಶುರು ಮಾಡಬೇಡಿ. ಹಾಸ್ಟೆಲಿನಲ್ಲಿ ಒಬ್ಬ ಗೆಳತಿಯನ್ನು ಒಪ್ಪಿಸಿ, ಅವಳು ನಿಲ್ಲಲಿ, ಆಮೇಲೆ ನೀವು ಅವಳಿಗೆ ನಿಲ್ಲಿ. ಮೊದಲ ವಾರ ಎರಡು ನಿಮಿಷದ ಭಂಗಿಗಳು ಸಾಕು, ದಿನಕ್ಕೆ ಎಂಟೋ ಹತ್ತೋ. ಟೈಮರ್ ಒತ್ತಿದ ಮೇಲೆ ಮೊದಲ ಹದಿನೈದು ಸೆಕೆಂಡು ಕೈ ಎತ್ತಲೇಬೇಡಿ, ನೋಡುತ್ತಾ ಇರಿ. ನಿಮಗೆ ಬೇರೆಲ್ಲಕ್ಕಿಂತ ಕಷ್ಟವಾಗುವುದು ಇದೇ ಎಂದು ನನಗೆ ಅನಿಸುತ್ತದೆ. ಆದರೆ ಆ ಹದಿನೈದು ಸೆಕೆಂಡಿನಲ್ಲೇ ಅರ್ಧ ಕೆಲಸ ಆಗಿರುತ್ತದೆ. ಆಮೇಲೆ ತಲೆಯಿಂದ ಬೆನ್ನಿನ ಮೂಲಕ ಭಾರ ಹೊತ್ತ ಕಾಲಿನವರೆಗೆ ಒಂದೇ ಉದ್ದನೆಯ ಗೆರೆ. ಅದರ ಮೇಲೆ ಭುಜದ ಓರೆ, ಸೊಂಟದ ಓರೆ. ನಂತರ ಎದೆಗೂಡು, ಕಟಿ, ಕೈಕಾಲುಗಳು ಎತ್ತ ಸಾಗುತ್ತವೆ ಎಂಬ ಗುರುತು. ಮುಖಕ್ಕೆ ಮೊಟ್ಟೆಯಾಕಾರ ಬಿಟ್ಟು ಮತ್ತೇನೂ ಬೇಡ. ಬೆರಳೂ ಬೇಡ. ಎರಡು ನಿಮಿಷ ನಿರಾಳವೆನಿಸಿದ ಮೇಲೆ ಒಂದು ನಿಮಿಷಕ್ಕೆ ಇಳಿಯಿರಿ. ಅರ್ಧ ನಿಮಿಷ ತಾನಾಗಿ ಬರುತ್ತದೆ, ಅಲ್ಲಿ ಆ ಮೊದಲ ಗೆರೆಯೊಂದು ಸಿಕ್ಕಿದರೂ ಸಾಕು. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಮಾಡಿ ನಿಲ್ಲಿಸಿ. ಒಂದೇ ದಿನ ಮೂರು ಗಂಟೆ ಕೂತು ಮರುದಿನ ಕೈಬಿಡುವುದಕ್ಕಿಂತ ಇದು ಒಳ್ಳೆಯದು.

ಸಾಮಾನಿನ ಬಗ್ಗೆ ಹೆಚ್ಚು ಯೋಚಿಸಬೇಡಿ, ಒಂದು ವಿಷಯ ಬಿಟ್ಟು. ರಬ್ಬರು ಹತ್ತಿರ ಇರಬಾರದು. ಬಾಲ್‌ಪೆನ್ ಆದರೆ ಅಳಿಸುವ ಮಾತೇ ಇಲ್ಲ. ಮನೆಯಲ್ಲಿ ಬರೆದಂತೆ ಚಿಕ್ಕ ಹಾಳೆಯ ಮೇಲೆ ಮಣಿಕಟ್ಟು ಊರಿ ಬರೆದರೆ ಗೆರೆ ಬಿಗಿಯೇ ಆಗುತ್ತದೆ. ದೊಡ್ಡ ಅಗ್ಗದ ಹಾಳೆ ತೆಗೆದುಕೊಂಡು, ಬೋರ್ಡಿಗೆ ಕ್ಲಿಪ್ ಹಾಕಿ, ಆದಷ್ಟೂ ನಿಂತುಕೊಂಡು, ಭುಜದಿಂದ ಕೈ ಬೀಸಿ ಬರೆಯಿರಿ. ಒಂದು ಬದಿ ಮಾತ್ರ ಅಚ್ಚಾದ ರದ್ದಿ ಕಾಗದವಾದರೂ ನಡೆಯುತ್ತದೆ. ದುಬಾರಿ ಹಾಳೆ ಕೈಯನ್ನು ಇನ್ನಷ್ಟು ಹೆದರಿಸುತ್ತದೆ.

ಹರಿಯುವುದನ್ನು ನಿಲ್ಲಿಸಿ. ನಿಮಗೆ ಗಟ್ಟಿಯಾಗಿ ಹೇಳುತ್ತಿರುವ ಮಾತು ಇದೊಂದೇ. ಸಂಗೀತ ಕಲಿಯುವವರು ಸರಳೆ ವರಸೆ ಹಾಡುತ್ತಾರೆ, ಅದನ್ನು ಯಾರೂ ಕಚೇರಿಯಲ್ಲಿ ಕೂತು ಕೇಳುವುದಿಲ್ಲ, ಚೆನ್ನಾಗಿ ಬರಲಿಲ್ಲವೆಂದು ಅವರು ತಂಬೂರಿ ಒಡೆಯುವುದೂ ಇಲ್ಲ. ನಿಮ್ಮ ಒಂದು ನಿಮಿಷದ ಹಾಳೆಗಳೂ ಹಾಗೆಯೇ. ಅವು ಕಣ್ಣಿಗೆ ಮಾಡಿಸುವ ಸಾಧಕ, ಗೋಡೆಗೆ ಹಾಕುವ ಚಿತ್ರವಲ್ಲ. ಹಾಳೆಯ ಮೂಲೆಯಲ್ಲಿ ತಾರೀಕು ಬರೆದು ಮಂಚದ ಕೆಳಗೆ ಸೇರಿಸಿಬಿಡಿ. ಅವತ್ತೇ ತಿರುವಿ ನೋಡಬೇಡಿ. ಇನ್‌ಸ್ಟಾಗ್ರಾಂಗೂ ಬೇಡ, ಊರಿನ ವಾಟ್ಸ್ಆ್ಯಪ್ ಗುಂಪಿಗೂ ಬೇಡ. ಒಂದು ತಿಂಗಳಾದ ಮೇಲೆ ಎಲ್ಲವನ್ನೂ ನೆಲದ ಮೇಲೆ ಹರಡಿ, ಮೊದಲ ವಾರದ್ದನ್ನು ಕೊನೆಯ ವಾರದ್ದರ ಪಕ್ಕ ಇಟ್ಟು ನೋಡಿ. ಆಗ ನೋಡಬೇಕಾದದ್ದು ಅಂದವನ್ನಲ್ಲ. ಹಾಳೆಯೊಳಗೆ ಪಾದ ಬಂದಿದೆಯೇ? ನಿಂತವರು ನಿಂತಂತೆ ಇದ್ದಾರೆಯೇ, ಬೀಳುವಂತೆ ಇದ್ದಾರೆಯೇ? ಈ ಎರಡೇ ಪ್ರಶ್ನೆ ಸಾಕು.

ಇನ್ನೊಂದು ವಿಷಯವನ್ನು ಪ್ರಾಮಾಣಿಕವಾಗಿ ಹೇಳಬೇಕು, ಏಕೆಂದರೆ ಹಾಳೆ ತುಂಬಿಸಿದರೆ ಸಾಕು ಕೈ ತಾನಾಗಿ ಬರುತ್ತದೆ ಎಂದು ಹಲವರು ಹೇಳುತ್ತಾರೆ. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಂದೇ ತಪ್ಪನ್ನು ಸಾವಿರ ಸಲ ಬೇಗ ಬೇಗ ಮಾಡಿದರೆ ಆ ತಪ್ಪೇ ಗಟ್ಟಿಯಾಗುತ್ತದೆ. ತೊಡೆ ಸೊಂಟಕ್ಕೆ ಎಲ್ಲಿ ಸೇರುತ್ತದೆ, ಕೈ ಎತ್ತಿದಾಗ ಹೆಗಲೆಲುಬು ಎತ್ತ ಜರಗುತ್ತದೆ ಎಂಬುದನ್ನು ಟೈಮರ್ ಕಲಿಸುವುದಿಲ್ಲ, ಅದನ್ನು ನಿಧಾನವಾಗಿ ಓದಿ, ನೋಡಿ ಕಲಿಯಬೇಕು. ಆದ್ದರಿಂದ ವಾರಕ್ಕೊಂದು ದಿನ ನಿಮ್ಮ ಹಾಳೆಗಳಲ್ಲಿ ಪದೇ ಪದೇ ಎಲ್ಲಿ ತಡವರಿಸಿದ್ದೀರಿ ಎಂದು ಹುಡುಕಿ, ಆ ಒಂದೇ ಭಾಗವನ್ನು ಒಂದು ಗಂಟೆ ಕೂತು ಬರೆಯಿರಿ. ಈ ದಿನ ನಿಮ್ಮ ಹಳೆಯ ತಾಳ್ಮೆಗೆ ಪೂರ್ತಿ ಕೆಲಸವಿದೆ. ಟೈಮರ್‌ನಲ್ಲಿ ಸಲೀಸಾಗಿ ಬರೆಯುವ ನಿಮ್ಮ ಸಹಪಾಠಿಗಳಲ್ಲಿ ಎಷ್ಟೋ ಮಂದಿ ಇದೇ ಒಂದು ಗಂಟೆಯ ಕೆಲಸಕ್ಕೆ ಕೂತಾಗ ಒದ್ದಾಡಬಹುದು. ಅವರನ್ನು ಕಡಿಮೆ ಮಾಡಲು ಹೇಳುತ್ತಿಲ್ಲ. ಒಬ್ಬೊಬ್ಬರು ಒಂದೊಂದು ಕಡೆಯಿಂದ ಒಳಗೆ ಬಂದಿದ್ದೀರಿ, ಅಷ್ಟೇ.

ತರಗತಿಯ ಹೊರಗೂ ಕಣ್ಣಿಗೆ ಕೆಲಸ ಕೊಡಿ. ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವವರು ಹೊಸಬರಿಗೆ ಒಳ್ಳೆಯ ಮಾಡೆಲ್‌ಗಳು. ರೊಟ್ಟಿ ತಟ್ಟುವವರು, ಬಟ್ಟೆ ಇಸ್ತ್ರಿ ಮಾಡುವವರು, ಹೂ ಕಟ್ಟುವವರು. ಅವರು ಕೈ ಬದಲಿಸಿದಾಗ ಗಾಬರಿ ಬೇಡ, ಪಕ್ಕದಲ್ಲೇ ಎರಡನೆಯ ಚಿತ್ರ ಶುರುಮಾಡಿ. ಸ್ವಲ್ಪ ಹೊತ್ತಿಗೆ ಮೊದಲ ಭಂಗಿಗೇ ಮರಳುತ್ತಾರೆ, ಆಗ ಅದನ್ನು ಮುಂದುವರಿಸಿ. ಹೀಗೆ ಒಂದೇ ಹಾಳೆಯಲ್ಲಿ ಮೂರು ನಾಲ್ಕು ಚಿತ್ರಗಳು ಒಟ್ಟಿಗೇ ಬೆಳೆಯುತ್ತವೆ. ಯಾರಿಗಾದರೂ ಮುಜುಗರವಾದಂತೆ ಕಂಡರೆ ನಿಲ್ಲಿಸಿ, ಹಾಳೆ ತೋರಿಸಿ, ಎರಡು ಮಾತಾಡಿ. ಬಸ್ ನಿಲ್ದಾಣ, ಸಂತೆಗಳಿಗೆ ಒಬ್ಬರೇ ಹೋಗುವುದಕ್ಕಿಂತ ಗೆಳತಿಯರ ಜೊತೆ ಹೋಗಿ. ಹಲವು ಊರುಗಳಲ್ಲಿ ವಾರದ ಕೊನೆಗೆ ಒಟ್ಟಾಗಿ ಹೊರಗೆ ಕೂತು ಸ್ಕೆಚ್ ಮಾಡುವ ಬಳಗಗಳಿವೆ, ನಿಮ್ಮ ಊರಲ್ಲಿದೆಯೇ ಎಂದು ಸೀನಿಯರ್‌ಗಳನ್ನು ವಿಚಾರಿಸಿ. ಅಲ್ಲಿ ಅಂಕವಿಲ್ಲ. ಬೇರೆಯವರೂ ತಪ್ಪುತ್ತಾ ಬರೆಯುವುದನ್ನು ಹತ್ತಿರದಿಂದ ನೋಡಿದರೆ ನಿಮ್ಮ ಭಯ ಎಷ್ಟೋ ಇಳಿಯುತ್ತದೆ.

ಈಗ ನಿಮ್ಮ ಸರ್. ಅವರ ಬಳಿ ಹೋಗುವಾಗ ಚೆನ್ನಾಗಿರುವುದನ್ನು ಆರಿಸಿಕೊಂಡು ಹೋಗಬೇಡಿ. ಮೂರು ಸಾಧಾರಣ ಹಾಳೆ ತೆಗೆದುಕೊಂಡು, ತರಗತಿ ಮುಗಿದ ಮೇಲೆ, ‘ಸರ್, ನನಗೆ ಭಾರ ಹಿಡಿಯಲು ಆಗುತ್ತಿಲ್ಲ, ಈ ಭಂಗಿಯಲ್ಲಿ ನೀವಾದರೆ ಮೊದಲ ಗೆರೆ ಎಲ್ಲಿ ಹಾಕುತ್ತಿದ್ದಿರಿ?’ ಎಂದು ಕೇಳಿ. ‘ನನ್ನದು ಹೇಗಿದೆ?’ ಎಂದು ಕೇಳಿದರೆ ತೀರ್ಪು ಸಿಗುತ್ತದೆ, ಹೀಗೆ ಕೇಳಿದರೆ ಪಾಠ ಸಿಗುತ್ತದೆ. ಟೈಮರ್ ಇಟ್ಟಾಗ ಕೈ ಕಟ್ಟಿಹೋಗುವ ಸಂಗತಿಯನ್ನೂ ಹೇಳಿ. ನೀವು ಹೇಳದೆ ಅವರಿಗೆ ಅದು ಗೊತ್ತಾಗುವುದು ಕಷ್ಟ. ಇದನ್ನು ಓದುತ್ತಿರುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆಯಿದೆ. ಮೊದಲ ವರ್ಷದ ಮಕ್ಕಳಲ್ಲಿ ಯಾರು ಫೋಟೋ ನೋಡಿ ಬರೆದು ಬಂದವರು ಎಂದು ಮೊದಲೇ ವಿಚಾರಿಸಿಕೊಳ್ಳಿ, ಅವರಿಗೆ ಈ ಅಭ್ಯಾಸ ಏಕೆಂದು ಎರಡು ಮಾತಿನಲ್ಲಿ ಬಿಡಿಸಿ ಹೇಳಿ.

ಅಪ್ಪನ ಬಗ್ಗೆ ನೀವು ಹೆಚ್ಚು ಬರೆದಿಲ್ಲ, ಆದರೆ ಆ ಒಂದು ವಾಕ್ಯದಲ್ಲಿ ದೊಡ್ಡ ಭಾರವಿದೆ. ಅವರನ್ನು ಒಪ್ಪಿಸಿ ಬಂದಿದ್ದೇನೆ, ಈಗ ಸೋತರೆ ಹೇಗೆ ಮುಖ ತೋರಿಸಲಿ ಎಂಬ ಯೋಚನೆ ರಾತ್ರಿ ಹೊತ್ತು ಕಾಡುತ್ತಿರಬಹುದು. ಅವರಿಗೆ ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಎಂದು ಮರೆಮಾಚುವುದೂ ಬೇಡ, ತಪ್ಪು ಕೋರ್ಸಿಗೆ ಬಂದೆ ಎಂದು ಘೋಷಿಸುವುದೂ ಬೇಡ. ‘ಅಪ್ಪಾ, ಇಲ್ಲಿ ಕಲಿಸುವ ರೀತಿ ಬೇರೆ ಇದೆ, ಹೊಂದಿಕೊಳ್ಳಲು ಸ್ವಲ್ಪ ಕಷ್ಟ ಆಗ್ತಿದೆ, ಪ್ರಯತ್ನ ಮಾಡ್ತಿದ್ದೀನಿ’ ಅನ್ನಿ. ಒಪ್ಪಿ ಕಳಿಸಿದವರು ಇಷ್ಟನ್ನು ಕೇಳಿಸಿಕೊಳ್ಳುತ್ತಾರೆ ಎಂದೇ ನನ್ನ ನಂಬಿಕೆ. ಮೊದಲ ವರ್ಷ ಮುಗಿಯುವ ತನಕ ನಿಮ್ಮ ಪ್ರತಿಭೆಯ ಬಗ್ಗೆ ಯಾವ ತೀರ್ಮಾನವನ್ನೂ ಮಾಡಬೇಡಿ, ಬೇರೆಯವರು ಮಾಡಿದರೂ ಒಪ್ಪಿಕೊಳ್ಳಬೇಡಿ.

ನಿದ್ದೆ ಬಾರದಿರುವುದು, ಕ್ಲಾಸು ತಪ್ಪಿಸುವುದು, ಇವೆರಡನ್ನು ಮಾತ್ರ ಚಿತ್ರಕಲೆಯ ಸಮಸ್ಯೆ ಎಂದು ಬಿಡಲಾಗದು. ಒಂದು ದಿನ ತಪ್ಪಿಸಿದರೆ ಮರುದಿನ ಒಳಗೆ ಕಾಲಿಡುವುದು ಇನ್ನಷ್ಟು ಕಷ್ಟವಾಗುತ್ತದೆ, ಆದ್ದರಿಂದ ಏನೂ ಬರೆಯಲಾಗದಿದ್ದರೂ ಹೋಗಿ ಕೂತುಕೊಳ್ಳಿ. ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ, ಊಟ ಸೇರದಿದ್ದರೆ, ಎದ್ದ ಕೂಡಲೇ ಎದೆ ಡವಗುಟ್ಟುತ್ತಿದ್ದರೆ, ಕಾಲೇಜಿನಲ್ಲಿ ಆಪ್ತಸಮಾಲೋಚಕರಿದ್ದರೆ ಅವರನ್ನು ಕಾಣಿ, ಇಲ್ಲದಿದ್ದರೆ ನಂಬಿಕೆಯ ಒಬ್ಬ ಅಧ್ಯಾಪಕಿಗೆ ಹೇಳಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಬದುಕೇ ಬೇಡ ಎಂಬಂಥ ಯೋಚನೆ ಒಂದು ಸಲ ಸುಳಿದರೂ ಎರಡು ವಾರ ಕಾಯಬೇಡಿ, ಆ ಹೊತ್ತಿಗೇ ಕರೆ ಮಾಡಿ, ಪಕ್ಕದ ಕೋಣೆಯ ಗೆಳತಿಯನ್ನು ಎಬ್ಬಿಸಿ. ಕರೆ ಮಾಡಲು ಸಮಸ್ಯೆ ಇಷ್ಟೇ ದೊಡ್ಡದಿರಬೇಕು ಎಂಬ ಲೆಕ್ಕವಿಲ್ಲ. ‘ಚಿತ್ರ ಬರೆಯಲು ಆಗುತ್ತಿಲ್ಲ, ನಿದ್ದೆ ಬರುತ್ತಿಲ್ಲ’ ಎಂದು ಶುರುಮಾಡಿದರೆ ಸಾಕು.